ಎರಡು ಅಂಗಣ, ಒಂದು ಛಾವಣಿ

‘ಒಳಾಂಗಣ ಕ್ರೀಡಾಂಗಣ’ ಎಂಬ ಮಾತನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅದರಲ್ಲಿ ಅಂಗಣ ಎರಡು ಸಲ ಬರುತ್ತದೆ, ಛಾವಣಿ ಒಂದು ಸಲವೂ ಬರುವುದಿಲ್ಲ. ಅಂಗಣವೆಂದರೆ ನಮ್ಮ ಮನಸ್ಸಿನಲ್ಲಿ ಮೇಲೆ ಆಕಾಶವಿರುವ ಜಾಗ. ತೊಟ್ಟಿಮನೆಯ ಒಳಾಂಗಣಕ್ಕೂ ಮಳೆ ಬೀಳುತ್ತದೆ. ಆದರೆ ಸೂರಿನ ಕೆಳಗೆ ಆಡುವ ಜಾಗಕ್ಕೆ ಒಂದು ಹೆಸರು ಬೇಕಾದಾಗ ಸರಕಾರಿ ಕನ್ನಡ ಎರಡು ಅಂಗಣಗಳನ್ನು ಜೋಡಿಸಿ ಕೈ ತೊಳೆದುಕೊಂಡಿತು. ನನಗೆ ಈ ಪದದ ಮೇಲೆ ಸಿಟ್ಟಿಲ್ಲ. ತನಗೇ ಗೊತ್ತಿಲ್ಲದೆ ಅದು ಸರಿಯಾದದ್ದನ್ನು ನೆನಪಿಟ್ಟುಕೊಂಡಿದೆ, ಆಟಕ್ಕೆ ಮೊದಲು ಬೇಕಾದದ್ದು ನೆಲ. ಮರೆತವರು ನಾವು. ಒಂದು ಕ್ರೀಡಾಂಗಣದ ಸುದ್ದಿ ಬಂದರೆ ಮೂರೇ ಸಂಗತಿ ಓದುತ್ತೇವೆ: ಎಷ್ಟು ಕೋಟಿ, ಎಷ್ಟು ಆಸನ, ಯಾರ ಹೆಸರು.

ನಾನು ತಿಕೋಟಾ ಕಡೆಯವನು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ತಿಕೋಟಾ, ಬಬಲೇಶ್ವರ ಎರಡೂ ಇದ್ದವು. ಊರು ತಾಲ್ಲೂಕಾದ ಮೇಲೆ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಒಂದು ಪಟ್ಟಿ ತಾನಾಗಿ ಹುಟ್ಟುತ್ತದೆ. ತಹಶೀಲ್ದಾರ ಕಚೇರಿ, ಕೋರ್ಟು, ದೊಡ್ಡ ಬಸ್‌ಸ್ಟ್ಯಾಂಡು, ಅದರ ಬೆನ್ನಿಗೆ ‘ಬೆಂಗಳೂರಾಗ ಐತೆಲ್ಲಾ, ಅಂಥಾದ್ದು’ ಒಂದು ಕ್ರೀಡಾಂಗಣ. ಬೆಂಗಳೂರಿನಲ್ಲಿರುವುದು ಎಂಥಾದ್ದು ಎಂದು ಯಾರೂ ಕೇಳುವುದಿಲ್ಲ. ಕೇಳಿ ನೋಡೋಣ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಾಹಿತ್ಯದ ಪತ್ರಿಕೆಯಲ್ಲಿ ಕಟ್ಟಡದ ವಿಮರ್ಶೆ ಯಾಕೆ ಎನ್ನುವವರಿಗೆ ಇಷ್ಟೇ ಹೇಳುತ್ತೇನೆ: ಈ ಕಟ್ಟಡದ ಹೆಸರು ಒಂದು ಕಾವ್ಯದ ನಾಯಕನದು, ಆ ಕಾವ್ಯದಲ್ಲಿ ನಮ್ಮೂರು ಎದುರು ಪಕ್ಷ.

ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ರಾಜ್ಯದ ಇಂಥ ಕಟ್ಟಡಗಳಿಗೆಲ್ಲ ಹಿರಿಯಣ್ಣನಿದ್ದ ಹಾಗೆ. ಅದೇ ಹೆಸರಿನ ಬಯಲು ಕ್ರೀಡಾಂಗಣದ ಮಗ್ಗುಲಲ್ಲೇ ಇದೆ, ಸುಮಾರು 4000 ಜನ ಕೂರಬಹುದು. ಕಂಠೀರವ ಅಂದರೆ 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಪಟ್ಟಕ್ಕೆ ಬರುವ ಮೊದಲು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ಅಲ್ಲಿ ಯಾರಿಗೂ ಸೋಲದಿದ್ದ ಜಟ್ಟಿಯನ್ನು ಕೆಡವಿ ಬಂದರೆಂಬುದು ಪ್ರತೀತಿ. ಪಟ್ಟಕ್ಕೆ ಬಂದ ಹೊಸತರಲ್ಲೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅವನನ್ನು ಹಿಮ್ಮೆಟ್ಟಿಸಿದ್ದು ಇವರ ಮೊದಲ ದೊಡ್ಡ ಗೆಲುವು. ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ 1648ರದು, ಸಾಂಗತ್ಯದಲ್ಲಿದೆ. ಯುದ್ಧವೂ ನವರಾತ್ರಿಯ ಒಡ್ಡೋಲಗವೂ ಜಟ್ಟಿಗಳ ಕಾಳಗವೂ ಅದರಲ್ಲಿ ತುಂಬಿಕೊಂಡಿವೆ. ವಿಜಯಪುರದವನೊಬ್ಬ ಆ ಕಾವ್ಯವನ್ನು ಓದುವಾಗ ಸ್ವಲ್ಪ ಮುಜುಗರವೂ ಸ್ವಲ್ಪ ಮೋಜೂ ಆಗುತ್ತದೆ. ಬೇರೆ ಮನೆಯ ಮದುವೆ ಫೋಟೋದಲ್ಲಿ ಮೂಲೆಯಲ್ಲಿ ನಮ್ಮಜ್ಜ ನಿಂತದ್ದು ಕಂಡ ಹಾಗೆ.

1960ರಲ್ಲಿ ಆ ಅರಸ ಸಿನಿಮಾಕ್ಕೆ ಬಂದರು. ‘ರಣಧೀರ ಕಂಠೀರವ’ದಲ್ಲಿ ರಾಜಕುಮಾರ್ ಆ ಪಾತ್ರ ಮಾಡಿದರು. ಅಲ್ಲಿಂದಾಚೆ ಕನ್ನಡಿಗರಿಗೆ ಕಂಠೀರವರ ಮುಖವೆಂದರೆ ರಾಜಕುಮಾರರ ಮುಖವೇ. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ತೀರಿಕೊಂಡಾಗ ಅವರ ದೇಹವನ್ನು ಜನರ ದರ್ಶನಕ್ಕೆ ಇಟ್ಟದ್ದು ಕಂಠೀರವ ಕ್ರೀಡಾಂಗಣದಲ್ಲಿ, ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲಿ. 2021ರ ಅಕ್ಟೋಬರ್‌ನಲ್ಲಿ ಮಗ ಪುನೀತ್ ಹೋದಾಗಲೂ ಅದೇ ದಾರಿ. ನಡುವೆ ಅಂಬರೀಶ್ ಅವರಿಗೂ ಅಲ್ಲೇ ಅಂತಿಮ ನಮಸ್ಕಾರ. 2013 ಮತ್ತು 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅಲ್ಲಿಯೇ. ಇವೆಲ್ಲ ಬಯಲು ಕ್ರೀಡಾಂಗಣದಲ್ಲಿ ನಡೆದದ್ದು ನಿಜ. ಆದರೆ ಹೆಸರು ಒಂದೇ, ಆವರಣ ಒಂದೇ; ಜನರ ನೆನಪಿನಲ್ಲಿ ಎರಡಕ್ಕೂ ಗೋಡೆ ಇಲ್ಲ. ಒಬ್ಬ ಕುಸ್ತಿಪಟು ಅರಸನ ಹೆಸರು ಹೊತ್ತ ಜಾಗ ನಾಡಿನ ಪಡಸಾಲೆಯಾಗಿದೆ: ಹೆಣ ಇಡುವುದೂ ಅಲ್ಲೇ, ಆರತಿ ಎತ್ತುವುದೂ ಅಲ್ಲೇ.

ಇದನ್ನು ದೂರುವುದಕ್ಕೆ ನಾನು ತಯಾರಿಲ್ಲ. ಒಂದು ಊರಿಗೆ ದೊಡ್ಡ ಪಡಸಾಲೆ ಬೇಕು. 2020ರಲ್ಲಿ ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣ, ಮುಂಬಯಿಯ ವರಳಿಯ ಎನ್‌ಎಸ್‌ಸಿಐ ಡೋಮ್ ಕೋವಿಡ್ ರೋಗಿಗಳ ಹಾಸಿಗೆಗೆ ಜಾಗ ಕೊಟ್ಟವು. ಆಗ ಕೋರ್ಟಿನ ಗೆರೆ ಅಳಿಸುತ್ತದೆ ಎಂದು ಯಾರಾದರೂ ಗೊಣಗಿದ್ದರೆ ಅದು ಅಮಾನುಷವಾಗುತ್ತಿತ್ತು. ಕಟ್ಟಡದ ಬಳಕೆ ಬದಲಾಗುವುದು ವಿಜಯಪುರದವರಿಗಂತೂ ಹೊಸದಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷರು ಆದಿಲಶಾಹಿ ಮಹಲುಗಳಲ್ಲೇ ಕಚೇರಿ ಹೂಡಿದರು. ಒಂದು ಮಸೀದಿ ಅಂಚೆ ಕಚೇರಿಯಾಗಿತ್ತು, ಇನ್ನೊಂದು ಪ್ರವಾಸಿ ಬಂಗಲೆ. ಲಾರ್ಡ್ ಕರ್ಜನ್ ಬಂದು ನೋಡಿ ಅವನ್ನು ತೆರವು ಮಾಡಿಸಬೇಕಾಯಿತು. ಗೋಳಗುಮ್ಮಟದ ನಗಾರಖಾನೆ 1892ರಿಂದ ವಸ್ತುಸಂಗ್ರಹಾಲಯವಾಗಿದೆ. ನಗಾರಿ ಬಾರಿಸುವ ಕಡೆ ‘ಸದ್ದು ಮಾಡಬೇಡಿ’ ಎನ್ನುವ ಕಾಲ ಬಂತು, ಅಷ್ಟೇ.

ಗೋಳಗುಮ್ಮಟದ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ. ಅದು ಗೋರಿ, ಆಟದ ಜಾಗವಲ್ಲ, ಲೆಕ್ಕ ಅಳತೆಗಷ್ಟೇ. ಒಳಗಿನ ಚೌಕ ಸುಮಾರು 41 ಮೀಟರ್, ನೆಲ 18,000 ಚದರ ಅಡಿಗೂ ಹೆಚ್ಚು, ನಡುವೆ ಒಂದೇ ಒಂದು ಕಂಬವಿಲ್ಲ. ಬಾಸ್ಕೆಟ್‌ಬಾಲ್ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಆ ಚೌಕದಲ್ಲಿ ಅಂಥವು ಎರಡು ಪಕ್ಕಪಕ್ಕದಲ್ಲಿ ಹಿಡಿಸುತ್ತವೆ. ಕಂಬವಿಲ್ಲದ ಸೂರು ಹೊದಿಸುವುದು ಇಂದಿನ ಒಳಾಂಗಣ ಕ್ರೀಡಾಂಗಣದ ಎಂಜಿನಿಯರಿಗೂ ಮೊದಲ ಸವಾಲು. ಮಹಮ್ಮದ ಆದಿಲಶಾಹನ ಶಿಲ್ಪಿಗಳು ಒಂದನ್ನೊಂದು ಕತ್ತರಿಸುವ ಕಮಾನುಗಳ ಮೇಲೆ 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಹೊರಿಸಿ ಅದನ್ನು ಬಿಡಿಸಿದರು. ಆ ಸುಲ್ತಾನ ತೀರಿಕೊಂಡದ್ದು 1656ರಲ್ಲಿ, ಕಂಠೀರವರಿಗಿಂತ ಮೂರು ವರ್ಷ ಮೊದಲು. ಒಬ್ಬರಿಗೊಬ್ಬರು ಎದುರಾಳಿಗಳಾಗಿದ್ದ ಇಬ್ಬರಲ್ಲಿ ಒಬ್ಬನದು ಈ ಜಗತ್ಪ್ರಸಿದ್ಧ ಛಾವಣಿ, ಇನ್ನೊಬ್ಬರದು ಮೂರೂವರೆ ಶತಮಾನದ ಬಳಿಕ ಕಬಡ್ಡಿ ನಡೆಯುವ ಛಾವಣಿಯ ಹೆಸರು.

ಆದರೆ ಗುಮ್ಮಟದ ಕೆಳಗೆ ಯಾವ ಮಾತೂ ಒಂದೇ ಸಲ ಕೇಳುವುದಿಲ್ಲ. ಶಾಲೆಯ ಮಕ್ಕಳು ಕೂಗಿದರೆ ಏಳೆಂಟು ಸಲ ತಿರುಗಿ ಬರುತ್ತದೆ. ತಗಡು ಹೊದ್ದ ಕ್ರೀಡಾಂಗಣಗಳಲ್ಲಿ ಧ್ವನಿವರ್ಧಕ ಹಚ್ಚಿ ಭಾಷಣ ಮಾಡುವುದನ್ನು ಕೇಳಿದವರಿಗೆ ಈ ತೊಂದರೆ ಗೊತ್ತು. ಹಾಗಿದ್ದೂ ನಾವು ಭಾಷಣಕ್ಕೆ ಅವನ್ನೇ ಹುಡುಕುತ್ತೇವೆ. ಯಾಕೆಂದರೆ ಅಲ್ಲಿ ಕುರ್ಚಿಗಳಿವೆ.

ನನ್ನ ತಕರಾರು ಇರುವುದು ಈ ಕುರ್ಚಿಗಳ ಬಗ್ಗೆ.

ನಮ್ಮ ಸೀಮೆಯಲ್ಲಿ ಸೂರಿನ ಕೆಳಗಿನ ಆಟಕ್ಕೆ ಹಳೆಯ ಮನೆಯೊಂದಿದೆ, ಗರಡಿ ಮನಿ. ಹಳಗನ್ನಡದ ‘ಗರುಡಿ’ಯೇ ಇದು, ವಿದ್ಯೆ ಕಲಿಯುವ ಮನೆ. ತುಳುನಾಡಿನಲ್ಲಿ ಅದು ಕೋಟಿ ಚೆನ್ನಯರ ಗುಡಿಯಾಗಿ ನಿಂತಿದೆ. ನಮ್ಮಲ್ಲಿ ಇನ್ನೂ ತಾಲೀಮಿನ ಜಾಗ. ಗಿಡ್ಡ ಬಾಗಿಲು, ಬಗ್ಗಿಯೇ ಒಳಗೆ ಹೋಗಬೇಕು. ಕತ್ತಲು ಕತ್ತಲು. ಮೂಲೆಯಲ್ಲಿ ಹನುಮಪ್ಪ, ಗೋಡೆಗೆ ಒರಗಿಸಿಟ್ಟ ಗದೆ, ಎತ್ತುವ ಕಲ್ಲು. ಮಿಕ್ಕದ್ದೆಲ್ಲ ಮಣ್ಣು. ಆ ಮಣ್ಣು ಹೊಲದಿಂದ ತಂದು ಸುರಿದದ್ದಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬಿಹಣ್ಣಿನ ರಸ ಹಾಕಿ ಹದ ಮಾಡುತ್ತಾರೆ. ಪಾಕ ಊರಿಂದ ಊರಿಗೆ ಬೇರೆ. ಹದ ಒಮ್ಮೆ ಮಾಡಿದರೆ ಮುಗಿಯುವುದೂ ಇಲ್ಲ. ನಮ್ಮ ಸೋದರಮಾವ ಹರೆಯದಲ್ಲಿ ತಾಲೀಮು ಮಾಡಿದವರು. ಅವರು ಹೇಳುತ್ತಿದ್ದದ್ದು: “ಮಣ್ಣಿಗಿ ದಿನಾ ಕೈ ಹಚ್ಚಬೇಕೋ ತಮ್ಮಾ. ನಾಕು ದಿನಾ ಬಿಟ್ಟಿ ಅಂದ್ರ ಅದು ಬರೇ ನೆಲಾ ಆಗ್ತದ, ಬಿದ್ರ ಎಲುಬು ಮುರೀತದ.” ನಸುಕಿನಲ್ಲಿ ಎದ್ದು ಮಣ್ಣು ಅಗೆಯುವುದು ಹೊಸಬನ ಕೆಲಸ. ಅದೇ ಅವನ ಮೊದಲ ವ್ಯಾಯಾಮವೂ ಹೌದು. ಪಟ್ಟು ಕಲಿಯುವ ಮೊದಲು ಅವನು ಆ ನೆಲವನ್ನು ಕಲಿಯುತ್ತಾನೆ.

ಗರಡಿಯಲ್ಲಿ ನೋಡುವವನಿಗೆ ಜಾಗವೇ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತರೆ ಐದಾರು ಜನ ನಿಂತಾರು, ಅವರೂ ತಮ್ಮ ಸರದಿಗೆ ಕಾಯುವವರೇ. ನೋಡುವವರಿಗೆ ಬೇರೆ ಜಾಗ, ಬೇರೆ ದಿನ ಇದೆ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಜಂಗೀ ನಿಕಾಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು ಎಲ್ಲ ಬಯಲಲ್ಲಿ ನಡೆಯುತ್ತವೆ, ಸಾವಿರಾರು ಜನರ ನಡುವೆ, ಹಲಗೆ ಬಡಿಯುತ್ತಿರುವಾಗ. ಬಬಲೇಶ್ವರ, ತಿಕೋಟಾ ಸುತ್ತಿನ ಊರುಗಳ ಜಾತ್ರೆಗಳಲ್ಲೂ ಹೀಗೆಯೇ. ವರ್ಷವಿಡೀ ಸೂರಿನ ಕೆಳಗೆ ಕಲಿಕೆ, ಒಂದು ದಿನ ಬಯಲಲ್ಲಿ ಪ್ರದರ್ಶನ. ಎರಡಕ್ಕೂ ಬೇರೆ ಬೇರೆ ನೆಲ.

ಒಳಾಂಗಣ ಕ್ರೀಡಾಂಗಣ ಈ ಎರಡನ್ನೂ ಒಂದೇ ಛಾವಣಿಯ ಕೆಳಗೆ ತಂದಿತು. ತಂದ ಮೇಲೆ ಪ್ರದರ್ಶನ ಗೆಲ್ಲಲೇಬೇಕು. 4000 ಆಸನ ಹಾಕಿದ ಮೇಲೆ ಅವು ತುಂಬಬೇಕು, ಬಾಡಿಗೆ ಬರಬೇಕು, ದೀಪದ ಬಿಲ್ಲು ತೀರಬೇಕು. ಬೆಳಿಗ್ಗೆ ಐದಕ್ಕೆ ಬರುವ ಹತ್ತು ಹುಡುಗರಿಂದ ಅದು ತೀರುವುದಿಲ್ಲ. ಹಾಗಾಗಿ ಇಂಥ ಕಟ್ಟಡಗಳಲ್ಲಿ ಕಲಿಯುವವನು ಯಾವಾಗಲೂ ‘ಕಾರ್ಯಕ್ರಮ ಇದೆ, ನಾಳೆ ಬಾ’ ಎನ್ನಿಸಿಕೊಳ್ಳುವವನು. ಕೆಲವೊಮ್ಮೆ ಆಟವೇ ಹಾಗೆ ಅನ್ನಿಸಿಕೊಳ್ಳುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಬೆಂಗಳೂರು ಬುಲ್ಸ್ ತಂಡದ ಮನೆ ಕಂಠೀರವ ಒಳಾಂಗಣ. 2017ರಲ್ಲಿ ಆ ತಂಡ ತನ್ನ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು, ಮುಂದಿನ ವರ್ಷ ಪುಣೆಯಲ್ಲಿ. ಆ ಮುಂದಿನ ವರ್ಷವೇ ಅದು ಚಾಂಪಿಯನ್ ಆದದ್ದು. ತವರಿಲ್ಲದ ಮಗಳು ಕಿರೀಟ ತೊಟ್ಟ ಕಥೆಯಂತಿದೆ ಇದು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಬರಹ ‘ಹಳೆಯ ಗರಡಿಯೇ ಚೆಂದ’ ಎನ್ನುವ ಹಾಡಾಗುತ್ತಿತ್ತು. ಅಂಥ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಳ್ಳಿಯ ಮಣ್ಣಿನ ವಾಸನೆಯ ಬಗ್ಗೆ ಪೇಟೆಯಲ್ಲಿ ಕೂತು ಬರೆದದ್ದನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಆ ಮಣ್ಣಿನ ಮೇಲೆ ಯಾರಿಗೆ ಕಾಲಿಡಲು ಬಿಟ್ಟಿದ್ದರು? ಗರಡಿಯ ಗಿಡ್ಡ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದೇ. ಎಷ್ಟೋ ಊರುಗಳಲ್ಲಿ ಜಾತಿ ನೋಡಿ ಬಾಗಿಲು ತೆರೆಯುತ್ತಿದ್ದದ್ದೂ ಉಂಟು. ನಮ್ಮ ಅಣ್ಣನ ಮಗಳು ಶಾಲೆಯ ಕಬಡ್ಡಿ ತಂಡದಲ್ಲಿ ಆಡುತ್ತಾಳೆ. ಒಮ್ಮೆ ಊರಿನ ಗರಡಿಯನ್ನು ಹೊರಗಿನಿಂದ ತೋರಿಸಿ ಅದರ ಮಣ್ಣಿನ ಮಹಿಮೆ ಹೇಳುತ್ತಿದ್ದಾಗ ಅವಳು ಕೇಳಿದಳು: “ಕಾಕಾ, ಒಳಗ ನಮ್ಮನ್ನ ಬಿಡ್ತಾರೇನ?” ನನ್ನ ಮಹಿಮೆ ಅಲ್ಲಿಗೇ ನಿಂತಿತು.

ಒಳಾಂಗಣ ಕ್ರೀಡಾಂಗಣವನ್ನು ಓದಬೇಕಾದದ್ದು ಈ ಪ್ರಶ್ನೆಯ ಬೆಳಕಿನಲ್ಲಿ. ಕಂಠೀರವ ಒಳಾಂಗಣದ ಅತ್ಯಂತ ಒಳ್ಳೆಯ ಕ್ಷಣ ಯಾವುದೆಂದು ನನ್ನನ್ನು ಕೇಳಿದರೆ 2017ರ ಜುಲೈಯನ್ನು ಹೇಳುತ್ತೇನೆ. ಏಷ್ಯಾ ಕಪ್ ಮಹಿಳಾ ಬಾಸ್ಕೆಟ್‌ಬಾಲಿನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಎರಡೇ ಅಂಕದ ಅಂತರ. ಜಟ್ಟಿಯನ್ನು ಕೆಡವಿದ ಅರಸನ ಹೆಸರಿನ ಸೂರಿನ ಕೆಳಗೆ ಈ ಹೆಂಗಸರು. ಗೋವಿಂದ ವೈದ್ಯನಿಗೆ ಇದು ಕಾವ್ಯದ ವಸ್ತುವೆಂದು ತೋರುತ್ತಿತ್ತೋ ಇಲ್ಲವೋ, ನನಗೆ ತೋರುತ್ತದೆ. ಕಬಡ್ಡಿಯಲ್ಲೂ ಇದೇ ಕಥೆ. ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಸೇರಿದ್ದು 1990ರಲ್ಲಿ, ಹೆಂಗಸರದು 2010ರಲ್ಲಿ. ಕಾರ್ಕಳದ ಹತ್ತಿರದ ಹೆರ್ಮುಂಡೆಯ ಮಮತಾ ಪೂಜಾರಿ ಆ 2010ರ ಚಿನ್ನದ ತಂಡದಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದಾಗ ಅವರೇ ನಾಯಕಿ. ಹಳ್ಳಿಯ ಗದ್ದೆಯಿಂದ ಹೊರಟವರು ಜಗತ್ತಿಗೆ ಕಂಡದ್ದು ಮ್ಯಾಟಿನ ಮೇಲೆ. ಮಡಿ ಮೈಲಿಗೆ ಗೊತ್ತಿಲ್ಲದ ನೆಲ ಅದು. ಅದಕ್ಕೆ ಹನುಮಪ್ಪನೂ ಇಲ್ಲ, ಹೊಸಿಲೂ ಇಲ್ಲ.

ಮ್ಯಾಟಿಗೆ ಇನ್ನೊಂದು ಗುಣವಿದೆ, ಅದನ್ನು ಸುತ್ತಿ ಒಯ್ಯಬಹುದು. ಕೋವಿಡ್ ಕಾಲದಲ್ಲಿ, 2021ರ ಡಿಸೆಂಬರಿನಿಂದ 2022ರ ಫೆಬ್ರವರಿವರೆಗೆ, ಪ್ರೊ ಕಬಡ್ಡಿಯ ಎಂಟನೆಯ ಆವೃತ್ತಿ ಪೂರ್ತಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದು ಹೋಟೆಲಿನ ಸಭಾಂಗಣದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಮದುವೆ ಊಟ ನಡೆಯುವಂಥ ಜಾಗದಲ್ಲಿ ಮ್ಯಾಟು ಹಾಸಿದರು, ಅದೇ ಕ್ರೀಡಾಂಗಣವಾಯಿತು. ಒಂದು ಆಸನವೂ ತುಂಬಲಿಲ್ಲ, ಆಟ ಮಾತ್ರ ಆಟವಾಗಿಯೇ ಇತ್ತು. ಗಂಡಸರ ಕಬಡ್ಡಿಗೆ ಬೇಕಾದದ್ದು 13 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ; ಹೆಂಗಸರದಕ್ಕೆ 12 ಮತ್ತು 8. ಸುತ್ತ ಓಡಾಡಲು ಇನ್ನಷ್ಟು ಜಾಗ. ಒಂದು ಸಾಧಾರಣ ಕಲ್ಯಾಣ ಮಂಟಪದಲ್ಲಿ ಇದು ಹಿಡಿಸುತ್ತದೆ. ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗಕ್ಕೆ ಮಣ್ಣು ಹರಡಿ ಕಣ ಮಾಡುವುದೂ ಇದೇ ಬಗೆಯದು: ಕಟ್ಟಡ ಬೇರೆಯದಕ್ಕೆ ಕಟ್ಟಿದ್ದು, ನೆಲ ಹಾಸಿದ ಕೂಡಲೇ ಕಣ.

ಬರಿ ಸೂರಿದ್ದರೆ ಸಾಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ತಿಕೋಟಾ ದ್ರಾಕ್ಷಿಯ ಸೀಮೆ. ಒಣದ್ರಾಕ್ಷಿ ಮಾಡುವ ಉದ್ದುದ್ದ ಶೆಡ್ಡುಗಳು ರಸ್ತೆಗುಂಟ ಕಾಣುತ್ತವೆ. ನಮ್ಮ ತಾಲ್ಲೂಕಿನ ದೊಡ್ಡ ಛಾವಣಿಗಳು ಯಾವುವೆಂದರೆ ಅವೇ. ಬೇಸಿಗೆ ಕಳೆದರೆ ಬಹುಪಾಲು ಖಾಲಿ. ಹುಡುಗರು ಅಲ್ಲಿ ಆಡಬಾರದೇ ಎಂದು ಒಮ್ಮೆ ಒಳಗೆ ಹೋಗಿ ನೋಡಿದೆ. ಅಡಿಯಿಂದ ಮೇಲಿನವರೆಗೆ ಬಲೆಯ ಅಂತಸ್ತುಗಳು, ನಡುವೆ ಮನುಷ್ಯ ಅಡ್ಡವಾಗಿ ನುಸುಳುವಷ್ಟು ದಾರಿ. ದ್ರಾಕ್ಷಿಗೆ ಬೇಕಾದ ಹಾಗೆ ಕಟ್ಟಿದ್ದಾರೆ, ದ್ರಾಕ್ಷಿ ಚೆನ್ನಾಗಿ ಒಣಗುತ್ತದೆ. ಆಟಕ್ಕೆ ಕಟ್ಟುವವರೂ ಇಷ್ಟು ನಿಯತ್ತಿನಿಂದ ಕಟ್ಟಿದರೆ ಸಾಕು ಅನ್ನಿಸಿತು.

ವಿಜಯಪುರ ನಗರಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. ಅರಸನ ಹೆಸರಿಗಿಂತ ಈ ಹೆಸರು ಒಂದು ಆಟದ ಜಾಗಕ್ಕೆ ಹೆಚ್ಚು ಒಪ್ಪುತ್ತದೆ. ಬಾಗಿಲು ಯಾರಿಗೆ ತೆರೆದಿರಬೇಕು ಎಂಬುದನ್ನು ಹೆಸರೇ ಹೇಳುತ್ತದೆ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ಈ ಊರಿನವರು. ಈ ಜಿಲ್ಲೆಯ ಸೈಕಲ್ ಸವಾರರು ದೇಶಕ್ಕೆಲ್ಲ ಗೊತ್ತು, ಅವರ ವೆಲೋಡ್ರೋಮ್‌ಗಾಗಿ ಊರು ವರ್ಷಗಟ್ಟಲೆ ಕಾಯಿತು. ಸವಾರರು ಕಾಯುತ್ತ ಕೂರಲಿಲ್ಲ, ಲಾರಿಗಳ ನಡುವೆ ರಸ್ತೆಯಲ್ಲೇ ತಾಲೀಮು ಮಾಡಿದರು. ನಸುಕಿನಲ್ಲಿ ತಿಕೋಟಾ ರಸ್ತೆಯಲ್ಲಿ ತಲೆ ಬಗ್ಗಿಸಿ ಸಾಗುವ ಅವರ ಸಾಲು ಕಂಡಾಗ ನನಗೆ ಗರಡಿಯ ಗಿಡ್ಡ ಬಾಗಿಲು ನೆನಪಾಗುತ್ತದೆ.

ತಿಕೋಟಾಕ್ಕೋ ಬಬಲೇಶ್ವರಕ್ಕೋ ನಾಳೆ ಒಂದು ಒಳಾಂಗಣ ಬಂದರೆ ನಾನು ವಿರೋಧಿಸುವುದಿಲ್ಲ. ಬರಲಿ. ಆಸನ ನೂರಿದ್ದರೂ ಸಾಕು, ಇಲ್ಲದಿದ್ದರೂ ಸಾಕು. ನೋಡುವವರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಲಿ, ಜಾತ್ರೆಯ ಬಯಲು ಹೇಗೂ ಇದೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ, ಬೆಳಿಗ್ಗೆ ಐದಕ್ಕೆ ಅವರು ಎದ್ದಿರುತ್ತಾರೋ, ನೆಲಕ್ಕೆ ದಿನಾ ಕೈ ಹಚ್ಚುವವರ ಸಂಬಳ ಯಾವ ಲೆಕ್ಕದಲ್ಲಿ ಬರುತ್ತದೆ, ಹುಡುಗಿಯರು ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೋ ಎಂಬುದನ್ನು ನೀಲನಕ್ಷೆಯ ಜೊತೆಗೇ ಕೇಳಬೇಕು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಕೆತ್ತುವ ಹೆಸರುಗಳ ಸಾಲನ್ನು ಆಮೇಲೆ ನೋಡಿಕೊಳ್ಳಬಹುದು.

ಅಣ್ಣನ ಮಗಳು ಈಗಲೂ ಶಾಲೆಯ ಬಯಲಿನ ಮಣ್ಣಿನಲ್ಲೇ ಆಡುತ್ತಾಳೆ, ಬರಿಗಾಲಲ್ಲಿ. ಮೊಣಕಾಲಿನ ಗಾಯ ಮಾಯುವುದರೊಳಗೆ ಇನ್ನೊಂದು ಆಗಿರುತ್ತದೆ. ಹೋಬಳಿ, ತಾಲ್ಲೂಕು ದಾಟಿ ಮೇಲಿನ ಹಂತಕ್ಕೆ ಹೋದರೆ ಮ್ಯಾಟು. ಮಣ್ಣಿನಲ್ಲಿ ಕಾಲು ಜಾರಿಸಿ ತಪ್ಪಿಸಿಕೊಳ್ಳುವವರು ಮ್ಯಾಟಿನ ಮೇಲೆ ಕಾಲು ಕಚ್ಚಿ ಬೀಳುತ್ತಾರೆ, ಅಲ್ಲಿಯ ಹಿಡಿತವೇ ಬೇರೆ. ಅದಕ್ಕೆ ಬೂಟು ಬೇಕು. ಮೊನ್ನೆ ಅವಳ ಪಾದವನ್ನು ರದ್ದಿ ಹಾಳೆಯ ಮೇಲೆ ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕಿಸೆಯಲ್ಲಿ ಇಟ್ಟುಕೊಂಡು ವಿಜಯಪುರಕ್ಕೆ ಬಂದಿದ್ದೇನೆ.